ಹಾಡು ಕಟ್ಟಿದವರ ಹೆಸರೆಲ್ಲಿ?

ಹಾಸ್ಟೆಲಿನ ಗೆಳೆಯರೇ,

ನಿಮ್ಮ ಮೆಚ್ಚಿನ ಹಾಡಿನ ಕವಿ ಯಾರು ಅಂತ ಯಾರಾದರೂ ಕೇಳಿದರೆ ನಾವು ತಡವರಿಸೋದಿಲ್ಲ. ಚಿ. ಉದಯಶಂಕರ್ ಅಂತೀವಿ, ಹಂಸಲೇಖ ಅಂತೀವಿ, ಹಿರಿಯರಾದರೆ ಕಣಗಾಲ್ ಪ್ರಭಾಕರ ಶಾಸ್ತ್ರಿ ಅಂತಾರೆ. ಇದರಲ್ಲಿ ನಾಚಿಕೆಪಡೋದು ಏನೂ ಇಲ್ಲ. ಉದಯಶಂಕರ್ ಬರೆದದ್ದನ್ನು ಅಣ್ಣಾವ್ರು ಹಾಡಿದರೆ ನಾಟಿ ಹಾಕೋ ಹೆಂಗಸರ ಬಾಯಿಗೂ ಅದು ಸಲೀಸಾಗಿ ಬರುತ್ತಿತ್ತು. ಮನೆಯಲ್ಲಿ ಆಡೋ ಮಾತನ್ನೇ ಎತ್ತಿ ರಾಗಕ್ಕೆ ಕೂರಿಸಿದ ಜಾಣ ಆತ. ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಮ್ಮ ಕೊಳ್ಳೇಗಾಲ ಸೀಮೆಯವರೇ ಅನ್ನೋ ಹೆಮ್ಮೆಯೂ ನಮಗುಂಟು.

ಆದರೆ ಮಾದಪ್ಪನ ಬೆಟ್ಟದ ದಾರಿಯಲ್ಲಿ ಕೇಳಿದ ಪದ, ಚಿಕ್ಕಲ್ಲೂರು ಜಾತ್ರೆಯಲ್ಲಿ ಬೆಳಗಿನ ತನಕ ಕೂತು ಕೇಳಿದ ಪದ, ಇವನ್ನು ಕಟ್ಟಿದವರು ಯಾರು ಅಂದರೆ ನಮ್ಮ ಬಾಯಿ ಕಟ್ಟುತ್ತೆ. ಹಿಂದೆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ, ಈಗ ಯೂಟ್ಯೂಬಿನ ವಿಡಿಯೋ ಕೆಳಗೆ, ಒಂದೇ ಒಕ್ಕಣೆ: ‘ಸಾಹಿತ್ಯ: ಜಾನಪದ’. ಯಾರು ಸ್ವಾಮಿ ಈ ಜಾನಪದ? ಯಾವ ಊರು? ಯಾವ ಕೇರಿ? ಸಂಗೀತಕ್ಕೆ ಹೆಸರುಂಟು, ಹಾಡಿದವರಿಗೆ ಹೆಸರುಂಟು, ಹಣ ಹಾಕಿದವನಿಗೆ ದಪ್ಪ ಅಕ್ಷರದ ಹೆಸರುಂಟು. ಪದ ಹುಟ್ಟಿಸಿದವನಿಗೆ ಮಾತ್ರ ಇಲ್ಲ. 1996ರ ‘ಜನುಮದ ಜೋಡಿ’ಯಿಂದ ಕೋಲುಮಂಡೆ ಪದ ನಾಡಿಗೆಲ್ಲ ಹಬ್ಬಿತು. ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಬರಲಿ, ಚೆನ್ನಾಗೇ ಹಾಡಿದರು. ನಮ್ಮ ತಕರಾರು ಅವರ ಮೇಲಲ್ಲ. ಕಂಸಾಳೆ ಬೀಸಿ ಬೀಸಿ ತೋಳು ಸೋತ ದೇವರಗುಡ್ಡರು, ತಲೆಯಿಂದ ತಲೆಗೆ ಆ ಪದವನ್ನು ಕಾಪಾಡಿ ತಂದವರು, ಆ ಲೆಕ್ಕದಲ್ಲಿ ಎಲ್ಲಿದ್ದಾರೆ?

‘ಅದು ಸಮುದಾಯದ ಸೃಷ್ಟಿ, ಒಬ್ಬರ ಹೆಸರು ಹೇಳೋಕಾಗಲ್ಲ’ ಅಂತಾರೆ ಪಂಡಿತರು. ಮನಸ್ಸಿದ್ದರೆ ಆಗುತ್ತೆ. ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ ಮಾದೇಶ್ವರನ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲಿ ಬಂದಾಗ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದು ಅಂತಲೇ ಅಚ್ಚಾಯಿತು. ಒಂದೇ ಕತೆಯನ್ನು ಇಬ್ಬರು ನೀಲಗಾರರು ಒಂದೇ ಥರ ಹಾಡೋದಿಲ್ಲ. ಹಾಡೋ ರಾತ್ರಿಯೇ ಅವರು ಕಟ್ಟುತ್ತಾರೆ. ಹಾಡೋದೂ ಬರೆಯೋದೂ ಅಲ್ಲಿ ಬೇರೆಯಲ್ಲ. ಅವರನ್ನು ಕವಿ ಅನ್ನೋದಕ್ಕೆ ಯಾರ ಅಪ್ಪಣೆ ಬೇಕು?

ಇನ್ನು ಆ ಪದಗಳು ಯಾಕೆ ಮರೆಯೋದಿಲ್ಲ ಅನ್ನೋ ಮಾತು. ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರೋದು ರೇಷ್ಮೆ ಉಟ್ಟುಕೊಂಡಲ್ಲ. ಮೈಯೆಲ್ಲ ಹುಣ್ಣು, ಮುತ್ತಿಕೊಂಡ ನೊಣ, ಕೈಯಲ್ಲಿ ಹೆಂಡ. ಒಳಗಿನ ದೊಡ್ಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಕೇಳುತ್ತ ಕೂತ ನಮ್ಮ ಅವ್ವಂದಿರಿಗೆ ಅರ್ಥ ಬಿಡಿಸಿ ಹೇಳೋ ಮೇಷ್ಟ್ರು ಬೇಕಾ? ಬಾಗಿಲಲ್ಲಿ ತಡೆಸಿಕೊಂಡವರೇ ಕೂತು ಕೇಳ್ತಿದ್ದಾರೆ. ಮಾದಪ್ಪ ಶ್ರವಣ ದೊರೆಯನ್ನು ಮಣಿಸೋಕೆ ಹೊರಟಾಗ ಕೆರ ಹೊಲಿಸೋಕೆ ಹೋಗೋದು ಮಾದಿಗರ ಹರಳಯ್ಯನ ಹತ್ತಿರ. ಬಿಳಿಗಿರಿ ರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು, ಅದಕ್ಕೇ ಅವರಿಗೆ ಅವನು ಸ್ವಾಮಿ ಅಲ್ಲ, ಭಾವ. ಭಾವನನ್ನು ರೇಗಿಸಬಹುದು, ಬೈಯಬಹುದು. ನಮ್ಮ ಪದಗಳಲ್ಲಿ ದೇವರು ಬೈಗುಳ ತಿಂತಾನೆ, ತಿರುಗಿ ಬೈತಾನೆ. ತಂಬೂರಿ ಹಿಡಿದವನು ಒಂದು ಸಾಲು ಎಸೆದರೆ ಹಿಮ್ಮೇಳದವರು ಸೊಲ್ಲು ಹಿಡೀತಾರೆ. ಸೊಲ್ಲು ತಿರುಗಿ ತಿರುಗಿ ಬಂದಾಗ ಪಕ್ಕದಲ್ಲಿ ನಿದ್ದೆ ತೂಗೋ ಹುಡುಗನಿಗೂ ಅದು ಬಾಯಿಪಾಠ ಆಗಿರುತ್ತೆ.

ಯಳಂದೂರಿನ ಸಂಚಿ ಹೊನ್ನಮ್ಮನನ್ನೇ ನೋಡಿ. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದವಳು. ‘ಹದಿಬದೆಯ ಧರ್ಮ’ದ ತುಂಬ ಗಂಡನ ಸೇವೆ ಹೇಗೆ ಮಾಡಬೇಕು ಅನ್ನೋ ಪಾಠ. ಆ ಪಾಠ ಇವತ್ತು ಯಾರಿಗೆ ನೆನಪಿದೆ? ನೆನಪಿರೋದು ಹೆಣ್ಣೆಂದು ಹೀಗಳೆಯುವವರನ್ನು ಆಕೆ ಮುಖಕ್ಕೆ ಹೊಡೆದ ಹಾಗೆ ಕೇಳಿದ ಪದ್ಯ. ಅಲ್ಲಿ ಮಾತ್ರ ಅರಮನೆಯ ಮಾತು ಬಿಟ್ಟು ತನ್ನ ಮಾತು ಆಡಿದಳು.

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಗಲಾಟೆ ಎದ್ದು ಅವರ ಮಂತ್ರಿ ಪದವಿ ಹೋಯಿತು, ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿತ್ತು. ಎರಡೇ ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕೇರಿಯಲ್ಲಿ ಸಿಟ್ಟು ಬಂದಾಗ ಆಡೋ ಮಾತೇ ಹಾಡಾಯಿತು. ‘ಇದು ಕವಿತೆಯಲ್ಲ, ಘೋಷಣೆ’ ಅಂತ ಮೂಗು ಮುರಿದವರು ಮುರಿದರು. ಅಕ್ಷರ ಬರದ ಕೂಲಿಯವರು ಮೆರವಣಿಗೆಯಲ್ಲಿ ಕೇಳಿ ಕಲಿತರು. 2021ರಲ್ಲಿ ಅವರು ತೀರಿಕೊಂಡರು, ಹಾಡು ತೀರಲಿಲ್ಲ. (ಪುಟ್ಟಣ್ಣನವರ ‘ಧರಣಿ ಮಂಡಲ ಮಧ್ಯದೊಳಗೆ’ ಸಿನಿಮಾಕ್ಕೆ ಪ್ರೇಮಗೀತೆ ಬರೆದ ಕೈಯೂ ಅದೇ. ಹೋರಾಟದವರಿಗೆ ಪ್ರೀತಿ ಬರೆಯೋಕೆ ಬರಲ್ಲ ಅನ್ನೋರು ತಿಳಿದುಕೊಳ್ಳಲಿ.)

ಈಗ ನಮ್ಮವರ ಕಡೆಗೆ ತಿರುಗೋಣ. ನಮ್ಮ ಸಭೆಗಳಲ್ಲಿ ಈಚೆಗೆ ಹಾಡೋ ಹೊಸ ಹಾಡುಗಳನ್ನು ಕಿವಿಗೊಟ್ಟು ಕೇಳಿ: ಶೋಷಣೆ, ವ್ಯವಸ್ಥೆ, ಪುರೋಹಿತಶಾಹಿ, ಸಮಾನತೆ, ಕ್ರಾಂತಿ. ಯಾವುದೂ ಸುಳ್ಳಲ್ಲ. ಆದರೆ ಭಾಷಣದಿಂದ ಎತ್ತಿ ತಮಟೆಗೆ ಕಟ್ಟಿದ ಮಾತು ತಮಟೆ ನಿಂತಾಗ ತಾನೂ ನಿಲ್ಲುತ್ತೆ. ಶೋಷಣೆಗೆ ವಾಸನೆ ಇಲ್ಲ, ವ್ಯವಸ್ಥೆಗೆ ಮುಖ ಇಲ್ಲ. ಮಂಟೇಸ್ವಾಮಿಯ ಒಂದು ನೊಣಕ್ಕೆ ಇರೋ ಜೀವ ಇವಕ್ಕಿಲ್ಲ. ಬಿ.ಎ. ಓದಿದ ಮೇಲೆ ಅವ್ವನ ಮಾತು ನಮಗೆ ಒರಟಾಗಿ ಕಾಣುತ್ತೆ, ಅಲ್ಲವಾ?

2022ರ ನವೆಂಬರ್. ಯಳಂದೂರಿಗೆ ದೂರವಲ್ಲದ, ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ. ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬಾಯಾರಿ ಮೇಲ್ಜಾತಿಯವರ ಬೀದಿಯ ಟ್ಯಾಂಕಿನ ನಲ್ಲಿ ತಿರುಗಿಸಿ ನೀರು ಕುಡಿದಳು. ಟ್ಯಾಂಕಿನ ನೀರನ್ನೆಲ್ಲ ಹೊರಕ್ಕೆ ಬಿಟ್ಟರು, ಗಂಜಲ ಹಾಕಿ ತೊಳೆದರು. ಆಮೇಲೆ ತಹಸೀಲ್ದಾರರು ಬಂದು ದಲಿತ ಹುಡುಗರಿಗೆ ಊರಿನ ಟ್ಯಾಂಕುಗಳ ನೀರು ಕುಡಿಸಿದರು. ಪತ್ರಿಕೆಗಳು ‘ಗೋಮೂತ್ರದಿಂದ ಶುದ್ಧೀಕರಣ’ ಅಂತ ಬರೆದವು. ಗೋಮೂತ್ರ ಅಂದರೆ ಅದಕ್ಕೂ ಒಂದು ಮಡಿ ಬಂದುಬಿಡುತ್ತೆ. ಗಂಜಲ ಅಂದುನೋಡಿ. ಕೊಟ್ಟಿಗೆಯಲ್ಲಿ ಅದನ್ನು ಬಾಚಿದವರು ಯಾರು, ನೀರು ಮುಟ್ಟಬಾರದು ಅನ್ನಿಸಿಕೊಂಡವರು ಯಾರು ಅನ್ನೋದು ಒಂದೇ ಮಾತಿನಲ್ಲಿ ಎದ್ದು ನಿಲ್ಲುತ್ತೆ.

ಈ ನೀರಿನ ಮೇಲೆ ಕಟ್ಟಿದ ಒಂದು ಪದ ನಮ್ಮ ಸಭೆಗಳಲ್ಲಿ ನಮ್ಮ ಕಿವಿಗೆ ಬಿದ್ದಿಲ್ಲ. ಮದುವೆ ಇದೆ, ಬಿಸಿಲಿದೆ, ನಲ್ಲಿ ಇದೆ, ಗಂಜಲ ಇದೆ, ಸರ್ಕಾರದ ಜೀಪಿದೆ. ಇನ್ನೇನು ಬೇಕು? ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಶುರು. ಅಷ್ಟರಲ್ಲಿ ಕಟ್ಟಿ ತನ್ನಿ, ನೀಲಗಾರರ ಪಕ್ಕ ಕೂತು ಹಾಡೋಣ. ಸೊಲ್ಲು ಅವ್ವಂದಿರು ಹಿಡಿಯೋ ಹಾಗಿರಲಿ. ಹಾಳೆಯ ಕೆಳಗೆ ನಿಮ್ಮ ಹೆಸರು, ಊರು, ಕೇರಿ ಬರೆದಿರಲಿ.