ಸವರುವುದು, ಎರೆಯುವುದು, ಕಟ್ಟುವುದು: ಒಂದು ಗ್ರೀಕ್ ಕ್ರಿಯಾಪದದ ಸುತ್ತ

‘ಕ್ರಿಸ್ತ’ ಎಂಬುದು ‘ಕೃಷ್ಣ’ ಶಬ್ದದ ರೂಪಾಂತರ. ಅದರ ಅರ್ಥ ‘ಅಭಿಷಿಕ್ತ’. ಆದ್ದರಿಂದ ಪಶ್ಚಿಮ ಏಷ್ಯಾದ ತೈಲಲೇಪನಕ್ಕೂ ನಮ್ಮ ಮಸ್ತಕಾಭಿಷೇಕಕ್ಕೂ ಮೂಲ ಒಂದೇ. ಮೂರು ಹೆಜ್ಜೆಗಳ ಈ ವಾದವು ವೇದಿಕೆಯ ಭಾಷಣಗಳಿಂದ ಇಳಿದು, ತೌಲನಿಕ ಅಧ್ಯಯನವೆಂದು ಕರೆದುಕೊಳ್ಳುವ ಬರಹಗಳಿಗೂ ಬಂದಿದೆ. ಮೊದಲ ಹೆಜ್ಜೆ ಧ್ವನಿನಿಯಮವನ್ನು ಮರೆತಿದೆ, ಎರಡನೆಯದು ಅನುವಾದವನ್ನೇ ಮೂಲವೆಂದು ಭ್ರಮಿಸಿದೆ, ಮೂರನೆಯದು ಆಚಾರದ ಅರ್ಥವನ್ನು ತಲೆಕೆಳಗು ಮಾಡಿದೆ.

ಮೊದಲು ಗ್ರೀಕ್ ಪದವನ್ನೇ ನೋಡೋಣ. ‘ಖ್ರಿಸ್ತೋಸ್’ ಎಂಬುದು ‘ಖ್ರೀಯೋ’ ಎಂಬ ಕ್ರಿಯಾಪದದಿಂದ ಹುಟ್ಟಿದೆ. ಹೋಮರನ ಕಾವ್ಯದಲ್ಲಿ ಮಿಂದ ಅತಿಥಿಗೆ ಎಣ್ಣೆ ಸವರುವುದಕ್ಕೂ ಬಾಣದ ಮೊನೆಗೆ ವಿಷ ಬಳಿಯುವುದಕ್ಕೂ ಇದೇ ಕ್ರಿಯಾಪದ. ಈಸ್ಕಿಲಸನ ‘ಪ್ರೊಮಿಥಿಯಸ್’ ನಾಟಕದಲ್ಲಿ ಇಯೋ ಎಂಬವಳನ್ನು ಕುಟುಕುವ ನೊಣದ ಕ್ರಿಯೆಗೂ ಇದೇ ಪದ. ಯುರಿಪಿಡೀಸನ ‘ಹಿಪ್ಪೊಲಿಟಸ್’ನಲ್ಲಿ ಒಂದು ಔಷಧವು ಕುಡಿಯುವಂಥದೋ ‘ಖ್ರಿಸ್ತೋಸ್’ ಆದುದೋ, ಎಂದರೆ ಲೇಪಿಸುವಂಥದೋ, ಎಂಬ ಪ್ರಶ್ನೆ ಬರುತ್ತದೆ. ಮೇಲ್ಮೈಯನ್ನು ಮುಟ್ಟಿ ಉಜ್ಜುವುದು, ಬಳಿಯುವುದು: ಪದದ ತಿರುಳು ಇಷ್ಟೇ. ರಾಜತ್ವವಾಗಲಿ ಪಾವಿತ್ರ್ಯವಾಗಲಿ ಅದರ ಮೂಲದಲ್ಲಿ ಇಲ್ಲ. ಕ್ರಿ.ಪೂ. 3ನೆಯ ಶತಮಾನದಿಂದ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು, ಅರಸರಿಗೂ ಪುರೋಹಿತರಿಗೂ ತೈಲ ಲೇಪಿಸುವುದನ್ನು ಹೇಳುವ ‘ಮಾಷಹ್’ ಎಂಬ ಧಾತುವಿಗೆ ಈ ಪದವನ್ನು ಆರಿಸಿಕೊಂಡರು. ಮಲ್ಲರ ಮೈಗೆ ಎಣ್ಣೆ ತೀಡುವಂಥ ದಿನಬಳಕೆಗೆ ‘ಅಲೈಫೋ’ ಎಂಬ ಬೇರೆ ಕ್ರಿಯಾಪದವಿತ್ತು. ಅಂದರೆ ‘ಖ್ರೀಯೋ’ಗೆ ದೊರೆತ ಮಹಿಮೆ ಧಾತುವಿನದಲ್ಲ, ಅನುವಾದಕರ ಆಯ್ಕೆಯದು.

ಇನ್ನು ‘ಕೃಷ್ಣ’. ಗ್ರೀಕ್ ಪದದ ಮೊದಲ ಧ್ವನಿ ಮಹಾಪ್ರಾಣ. ಇಂಡೋ-ಯುರೋಪಿಯನ್ ‘ಘ’ಕಾರವು ಗ್ರೀಕಿನಲ್ಲಿ ‘ಖ’ ಆಗುತ್ತದೆ, ಸಂಸ್ಕೃತದಲ್ಲಿ ‘ಘ’ ಅಥವಾ ‘ಹ’ ಆಗಿ ಉಳಿಯುತ್ತದೆ. ಅದು ಸಂಸ್ಕೃತದಲ್ಲಿ ‘ಕ’ ಆಗುವುದಿಲ್ಲ. ಆದ್ದರಿಂದ ‘ಖ್ರೀಯೋ’ಗೆ ನಂಟನ್ನು ಹುಡುಕುವವರು ಉಜ್ಜುವ ಅರ್ಥದ ‘ಘೃಷ್’ ಧಾತುವಿನ ಕಡೆಗೆ ನೋಡಿದ್ದಾರೆ. ಕಪ್ಪು ಎಂಬ ಅರ್ಥದ ‘ಕೃಷ್ಣ’ದ ಕಡೆಗಲ್ಲ. ಅದರ ಬಂಧುಗಳು ಕಪ್ಪನ್ನೇ ಹೇಳುವ ಬಾಲ್ಟಿಕ್ ಮತ್ತು ಸ್ಲಾವಿಕ್ ಪದಗಳು. ಕಿವಿಗೆ ಒಂದೇ ಎನಿಸಿದ್ದು ವ್ಯುತ್ಪತ್ತಿಯಾಗುವುದಿಲ್ಲ.

ಎರಡನೆಯ ಹೆಜ್ಜೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸರಿಯೆಂದೇ ತೋರುತ್ತದೆ. ಕನ್ನಡ ಬೈಬಲು ‘ಅಭಿಷಿಕ್ತ’ ಎಂದೇ ಬಳಸುತ್ತದೆ. ಗೌರವದ ಪದವೊಂದು ಬೇಕಿದ್ದ ಅನುವಾದಕರನ್ನು ದೂರುವಂತಿಲ್ಲ. ಆದರೆ ‘ಅಭಿಷೇಕ’ದ ಧಾತು ‘ಸಿಚ್’: ಎರೆಯುವುದು, ಚಿಮುಕಿಸುವುದು. ಲೇಪನದ ಧಾತು ‘ಅಂಜ್’. ಅಂಜನ, ಅಭ್ಯಂಜನಗಳು ಅದರ ಮಕ್ಕಳು. ಲ್ಯಾಟಿನ್ನಿನ ‘ಉಂಗುಎರೆ’ ಅದರ ಸೋದರ. ಕನ್ನಡಕ್ಕೆ ಈ ಭೇದ ಹೊಸದಲ್ಲ. ಎಣ್ಣೆಯನ್ನು ಸವರುತ್ತೇವೆ, ನೀರನ್ನು ಎರೆಯುತ್ತೇವೆ, ಪಟ್ಟವನ್ನು ಕಟ್ಟುತ್ತೇವೆ. ಶಾಸನಗಳ ‘ಪಟ್ಟಂಗಟ್ಟು’ ಎಂಬ ಮಾತಿನಲ್ಲಿ ಎಣ್ಣೆಯೂ ಇಲ್ಲ, ನೀರೂ ಇಲ್ಲ. ಹಣೆಗೆ ಕಟ್ಟುವ ಪಟ್ಟಿ ಇದೆ. ಮೂರು ಕ್ರಿಯೆಗಳನ್ನು ಒಂದೇ ಪದದೊಳಗೆ ತುಂಬಿದ ಮೇಲೆ, ಅವು ಒಂದೇ ಎಂದು ಆ ಪದದಿಂದಲೇ ಸಾಧಿಸುವುದು ಯಾವ ತರ್ಕ?

ಮೂರನೆಯ ಹೆಜ್ಜೆಯಲ್ಲಿ ಆಚಾರವೇ ಬಲಿಯಾಗುತ್ತದೆ. ಇಸ್ರೇಲಿನ ಅರಸನನ್ನು ತೈಲ ಅರಸನನ್ನಾಗಿ ಮಾಡುತ್ತದೆ. ಶ್ರವಣಬೆಳಗೊಳದಲ್ಲಿ ಎರೆಯುವ ಹಾಲು, ನೀರು ಬಾಹುಬಲಿಗೆ ಏನನ್ನೂ ಕೊಡುವುದಿಲ್ಲ. ಆತ ಗೆದ್ದ ರಾಜ್ಯವನ್ನು ಬಿಟ್ಟು ನಡೆದವನು. ಬಿಟ್ಟವನ ತಲೆಯ ಮೇಲೆ ಬೀಳುವ ಧಾರೆಯನ್ನು ರಾಜ್ಯದಾನದ ಸಂಸ್ಕಾರವೆಂದು ಓದುವುದು ಕಥೆಯನ್ನೇ ತಿರುವಿ ಹಾಕಿದಂತೆ. ಕಡೂರಿನ ಶಾಸನವೊಂದು ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಅರಸುಮನೆತನದ ಪಾಂಬಬ್ಬೆ ತಲೆಗೂದಲನ್ನು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, 971ರಲ್ಲಿ ದೇಹ ಬಿಟ್ಟಳೆಂದು ಅದು ಹೇಳುತ್ತದೆ. ಕೇಶಲೋಚವೂ ಅಸ್ನಾನವೂ ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿವೆ. ಎಣ್ಣೆ ಹಚ್ಚಿದ ತಲೆ ಅಲ್ಲಿ ಪೂಜ್ಯವಾದರೆ, ಕೂದಲು ಕಿತ್ತ ತಲೆ ಇಲ್ಲಿ ಪೂಜ್ಯ. ಎರಡನ್ನೂ ಒಂದೇ ಮೂಲಕ್ಕೆ ಒಯ್ಯುವವರಿಗೆ ಪಾಂಬಬ್ಬೆಯನ್ನು ಎಲ್ಲಿಡಬೇಕೆಂದೇ ತಿಳಿಯದು.

ಹೋಲಿಕೆಯಿಂದಲೇ ಚರಿತ್ರೆ ಬರೆಯುವವರು ತರೀಕೆರೆಯ ಸೀಮೆಯನ್ನೊಮ್ಮೆ ನೋಡಲಿ. ಅಲ್ಲಿ ಅಮೃತಾಪುರವಿದೆ, ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಹೆಸರೂ ಒಂದೇ, ನೆಲವೂ ನೆರೆಯದೇ. ಆದರೆ ಅಮೃತೇಶ್ವರ ದೇಗುಲವನ್ನು 1196ರಲ್ಲಿ ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ದಂಡನಾಯಕ. ಆ ಶಿವಾಲಯದ ಶಾಸನವನ್ನು ರಚಿಸಿದವನು ಜೈನಕವಿ ಜನ್ನ. ಅಮೃತಮಹಲ್ ಎಂಬುದೋ ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು. ಇಷ್ಟು ಹತ್ತಿರದ ಒಂದೇ ಶಬ್ದವೂ ಎರಡು ಚರಿತ್ರೆಗಳನ್ನು ಒಂದಾಗಿಸದು. ಹೀಗಿರಲು ಎರಡು ಖಂಡಗಳ ಎರಡು ಬೇರೆ ಶಬ್ದಗಳು ಹೇಗೆ ಒಂದಾಗಿಸಿಯಾವು?

ತೌಲನಿಕ ಅಧ್ಯಯನ ಬೇಡವೆಂಬುದು ಇಲ್ಲಿನ ವಾದವಲ್ಲ. ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಯು ಪದದ ಧ್ವನಿ, ಅದರ ಪ್ರಯೋಗದ ಕಾಲ, ಅದು ಹೇಳುವ ಕ್ರಿಯೆ, ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸದೆ ಎಲ್ಲವೂ ನಮ್ಮಲ್ಲಿಂದಲೇ ಹೋಯಿತೆಂದು ಹಿಗ್ಗುವವನು ಪರರ ಪರಂಪರೆಗೆ ಮಾತ್ರವಲ್ಲ, ಸವರುವುದು, ಎರೆಯುವುದು, ಕಟ್ಟುವುದು ಎಂದು ಬಿಡಿಸಿ ಹೇಳಬಲ್ಲ ತನ್ನ ಕನ್ನಡಕ್ಕೂ ಅನ್ಯಾಯ ಮಾಡುತ್ತಾನೆ.