ಗೊಂಬೆಗೆ ಫ್ಯಾನ್ ಬೇಡ, ಸೊಂಟಪಟ್ಟಿ ಬೇಕು

ಇದು ಡ್ರೋನ್ ಕಾಲ. ಹೊಲಕ್ಕೆ ಔಷಧಿ ಹೊಡೆಯಲು, ಮದುವೆಯ ವಿಡಿಯೊ ತೆಗೆಯಲು ಎಲ್ಲಕ್ಕೂ ಡ್ರೋನ್ ಬಂದಿದೆ. ಹಾಗಿದ್ದರೆ ಆಳೆತ್ತರ ಮೀರಿದ ಗಾರುಡಿಗೊಂಬೆಯನ್ನು ಹೆಗಲ ಮೇಲೆ ಹೊತ್ತು ಕುಣಿಯುವ ಕಲಾವಿದನ ಭಾರವನ್ನೂ ಅದೇ ಗಾಳಿಯ ಬಲದಿಂದ ಇಳಿಸಬಾರದೇಕೆ? ನಮ್ಮ ಬಿ.ಇ. ತರಗತಿಯಲ್ಲಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಗೆಳೆಯರು ಈ ಪ್ರಶ್ನೆ ಎತ್ತಿದರು. ಪ್ರಶ್ನೆ ಒಳ್ಳೆಯದೇ. ಆದರೆ ಅದಕ್ಕೆ ಉತ್ತರ ಫ್ಯಾನ್ ಅಲ್ಲ ಎಂಬುದು ನನ್ನ ವಾದ.

ಚಾಮರಾಜನಗರದ ಮೆರವಣಿಗೆಯಿರಲಿ, ಗುಂಡ್ಲುಪೇಟೆ ಕಡೆಯ ಊರಹಬ್ಬವಿರಲಿ, ಮೈಸೂರು ದಸರಾದ ಜಂಬೂಸವಾರಿಯಿರಲಿ, ಗೊಂಬೆ ಕುಣಿದರೆ ಮಕ್ಕಳು ಓಡಿ ಬರುತ್ತಾರೆ. ಬಿದಿರಿನ ಚೌಕಟ್ಟು, ಅದರ ಮೇಲೆ ದೊಡ್ಡ ಮುಖ, ಸೀರೆ ಅಥವಾ ಪಂಚೆ. ಒಳಗೊಬ್ಬ ಮನುಷ್ಯ. ಗೊಂಬೆಯ ಹೊಟ್ಟೆಯ ಬಳಿ ಬಿಟ್ಟ ಕಿಂಡಿಯಿಂದಲೇ ಅವನು ದಾರಿ ನೋಡಬೇಕು. ನಾವು ನೋಡುವುದು ಗೊಂಬೆಯ ನಗುಮುಖವನ್ನು. ಒಳಗಿನವನ ಹೆಗಲು, ಮಂಡಿ ನಮಗೆ ಕಾಣುವುದಿಲ್ಲ. ಆದ್ದರಿಂದ ಭಾರ ಇಳಿಸುವ ಯೋಚನೆಯನ್ನು ಹುಡುಗಾಟವೆಂದು ತಳ್ಳಿಹಾಕದೆ ಲೆಕ್ಕ ಹಾಕಿ ನೋಡೋಣ.

ಗೊಂಬೆ 30 ಕಿಲೋ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ 10 ಕಿಲೋ ಇಳಿಸಿದರೆ ಸಾಕು. ಗೊಂಬೆಯ ಎರಡು ಭುಜಗಳಿಗೆ 40 ಸೆಂಟಿಮೀಟರ್ ವ್ಯಾಸದ ಎರಡು ಫ್ಯಾನ್ ಕಟ್ಟೋಣ. ಗಾಳಿಯನ್ನು ಕೆಳಕ್ಕೆ ನೂಕಿದರೆ ಅದು ನಮ್ಮನ್ನು ಮೇಲಕ್ಕೆ ನೂಕುತ್ತದೆ, ನ್ಯೂಟನ್ನನ ಮೂರನೇ ನಿಯಮ. ಯಾವ ನಷ್ಟವೂ ಇಲ್ಲದ ಆದರ್ಶ ಫ್ಯಾನ್‌ಗೂ ಇಲ್ಲಿ ಸುಮಾರು 1.25 ಕಿಲೋವಾಟ್ ಶಕ್ತಿ ಬೇಕು. ಮೋಟಾರು, ರೆಕ್ಕೆಗಳ ನಷ್ಟ ಸೇರಿಸಿದರೆ 2 ಕಿಲೋವಾಟ್ ಎನ್ನಬಹುದು. ನಮ್ಮ ಮನೆಗಳ 75 ವಾಟ್‌ನ ಸೀಲಿಂಗ್ ಫ್ಯಾನ್ ಇಪ್ಪತ್ತೇಳು ಒಟ್ಟಿಗೆ ತಿರುಗಿದಷ್ಟು!

ಈ ಶಕ್ತಿಯನ್ನು ಒಂದು ಗಂಟೆ ಕೊಡಲು 2 ಯೂನಿಟ್ ವಿದ್ಯುತ್ ಬೇಕು. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ 200 ವಾಟ್-ಅವರ್ ಹಿಡಿಯುತ್ತದೆ ಎಂದರೆ ಬ್ಯಾಟರಿಯ ತೂಕವೇ 10 ಕಿಲೋ. ಇಳಿಸಿದ್ದು ಹತ್ತು, ಏರಿಸಿದ್ದು ಹತ್ತು. ಮೋಟಾರು, ತಂತಿ, ಕಂಬಿಯ ತೂಕ ಮೇಲಿನ ಬಡ್ಡಿ. ಅರ್ಧ ಗಂಟೆಗೆ ಇಳಿಸಿದರೆ ಒಂದಿಷ್ಟು ಉಳಿತಾಯವಾದೀತು, ಆದರೆ ನಮ್ಮ ಮೆರವಣಿಗೆ ಅರ್ಧ ಗಂಟೆಗೆ ಮುಗಿಯುತ್ತದೆಯೇ?

ಫ್ಯಾನ್‌ನ ವ್ಯಾಸ ಇಮ್ಮಡಿ ಮಾಡಿದರೆ ಅದೇ ಬಲಕ್ಕೆ ಬೇಕಾದ ಶಕ್ತಿ ಅರ್ಧವಾಗುತ್ತದೆ, ನಿಜ. ಆದರೆ ಮಕ್ಕಳು ಮುತ್ತಿಕೊಳ್ಳುವ ಜಾಗದಲ್ಲಿ ಅಷ್ಟಗಲದ ರೆಕ್ಕೆ ತಿರುಗಿಸುವ ಧೈರ್ಯ ಯಾರಿಗಿದೆ? ಸಣ್ಣ ಫ್ಯಾನ್ ಇಟ್ಟರೋ, ಗಾಳಿ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಕೆಳಕ್ಕೆ ನುಗ್ಗುತ್ತದೆ. ಗೊಂಬೆಯ ಸೀರೆ, ಬೀದಿಯ ದೂಳು, ಪಂಜಿನ ಬೆಂಕಿ ಏನಾಗಬೇಕು? ಆ ಮೊರೆತದ ನಡುವೆ ತಮಟೆ ಕೇಳಿಸದಿದ್ದರೆ ಕುಣಿಯುವುದು ಯಾವ ತಾಳಕ್ಕೆ?

ಇನ್ನೂ ಒಂದು ಮಾತಿದೆ. ಗಾಳಿ ತೂಕವನ್ನು ಹೊರಬಲ್ಲದು, ದ್ರವ್ಯರಾಶಿಯನ್ನು ಕರಗಿಸಲಾರದು. ಗೊಂಬೆ ಗಿರ್ರನೆ ತಿರುಗುವಾಗ, ತಟ್ಟನೆ ನಿಲ್ಲುವಾಗ ಕಲಾವಿದ ತಡೆಯಬೇಕಾದದ್ದು 30 ಕಿಲೋವನ್ನೂ ಅದರ ಮೇಲೆ ಹೇರಿದ ಬ್ಯಾಟರಿಯನ್ನೂ. ಗೊಂಬೆ 30 ಡಿಗ್ರಿ ಬಾಗಿತೆಂದರೆ, ಎತ್ತುತ್ತಿದ್ದ 10 ಕಿಲೋ ಬಲದಲ್ಲಿ 5 ಕಿಲೋ ಪಕ್ಕಕ್ಕೆ ನೂಕುತ್ತದೆ. ಸಹಾಯಕ್ಕೆ ಬಂದವನೇ ಕಾಲು ತಪ್ಪಿಸಿದಂತೆ.

ಮನುಷ್ಯ ಗಾಳಿಯ ಒತ್ತಿನಿಂದ ಹಾರಿಯೇ ಇಲ್ಲವೆಂದಲ್ಲ. 2019ರ ಆಗಸ್ಟ್ 4ರಂದು ಫ್ರಾನ್ಸ್‌ನ ಫ್ರಾಂಕಿ ಝಪಾಟಾ ಜೆಟ್ ಹಲಗೆಯ ಮೇಲೆ ನಿಂತು ಇಂಗ್ಲಿಷ್ ಚಾನೆಲ್ ದಾಟಿದರು. ಸುಮಾರು 22 ನಿಮಿಷದ ಆ ಪಯಣದ ನಡುವೆಯೂ ದೋಣಿಯೊಂದರ ಮೇಲಿಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಅದು ಸಾಹಸ. ನಮ್ಮ ಕಲಾವಿದನಿಗೆ ಬೇಕಿರುವುದು ಹಬ್ಬ ಮುಗಿದ ಮರುದಿನವೂ ನೋವಿಲ್ಲದೆ ಕೆಲಸಕ್ಕೆ ಹೋಗುವ ಮೈ.

ಹೀಲಿಯಂ ಬಲೂನು? ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಸುಮಾರು ಒಂದು ಕಿಲೋ. ಹತ್ತು ಕಿಲೋಗೆ ಎರಡೂವರೆ ಮೀಟರ್‌ಗಿಂತ ಅಗಲದ ಬಲೂನು ಬೇಕು. ಬೀದಿಯ ವಿದ್ಯುತ್ ತಂತಿಗೆ ಅದು ಸಿಕ್ಕಿಕೊಂಡರೆ ಕಥೆ ಮುಗಿಯಿತು.

ಹಾಗಾದರೆ ಎಂಜಿನಿಯರಿಂಗ್ ಓದುವ ನಾವು ಮಾಡಬಹುದಾದದ್ದೇನು? ಮೊದಲು ಒಂದು ಸ್ಪ್ರಿಂಗ್ ತಕ್ಕಡಿ ಹಿಡಿದು ಗೊಂಬೆ ಇರುವಲ್ಲಿಗೆ ಹೋಗೋಣ. ಚೌಕಟ್ಟು ಎಷ್ಟು, ಮುಖ ಎಷ್ಟು, ಬಟ್ಟೆ ಎಷ್ಟು ಎಂದು ಬಿಡಿಬಿಡಿಯಾಗಿ ತೂಗೋಣ. ಮುಖವನ್ನು ಹಗುರ ಮಾಡಿದರೆ ಲಾಭ ಎರಡು: ತೂಕ ಇಳಿಯುತ್ತದೆ, ಭಾರ ತುದಿಯಲ್ಲಿಲ್ಲದ ಕಾರಣ ತೂಗಾಟವೂ ತಗ್ಗುತ್ತದೆ. ಚಾರಣಿಗರ ಬ್ಯಾಗಿನಲ್ಲಿರುವಂಥ ಅಗಲವಾದ ಸೊಂಟಪಟ್ಟಿಯನ್ನು ಚೌಕಟ್ಟಿಗೆ ಜೋಡಿಸಿದರೆ ಹೆಗಲ ಮೇಲಿನ ಹೊರೆಯ ಬಹುಪಾಲು ಸೊಂಟಕ್ಕೆ ಇಳಿಯುತ್ತದೆ. ಮಂಡಿಯ ಹೊರೆ ಪಟ್ಟಿಯಿಂದ ಇಳಿಯದು. ಅದಕ್ಕೆ ಗೊಂಬೆಯೇ ಹಗುರವಾಗಬೇಕು, ಒಬ್ಬರ ಬದಲು ಇಬ್ಬರು ಸರದಿಯಲ್ಲಿ ಕುಣಿಯಬೇಕು. ಆ ಎರಡನೆಯವನಿಗೂ ಸಂಭಾವನೆ ಕೊಡುವ ಮನಸ್ಸು ಕರೆಸುವವರಿಗಿರಬೇಕು.

ಇದರಲ್ಲಿ ಚಾರ್ಜ್ ಮಾಡುವಂಥದ್ದು ಯಾವುದೂ ಇಲ್ಲ. ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇದು ಸದ್ದು ಮಾಡದಿರಬಹುದು, ಬಹುಮಾನ ಹಾರುವ ಯಂತ್ರಕ್ಕೇ ಹೋಗಬಹುದು. ಆದರೂ ಗೆಳೆಯರೇ, ವಿನ್ಯಾಸ ಚೆನ್ನಾಗಿದೆಯೇ ಇಲ್ಲವೇ ಎಂದು ಹೇಳುವ ಹಕ್ಕು ಗೊಂಬೆಯ ಒಳಗಿರುವವನದು. ಅವನನ್ನು ಕೇಳಿಯೇ ಮೊದಲ ಗೆರೆ ಎಳೆಯೋಣ.