ಮನೆಗೆ ಬಂದ ಮುಧೋಳದ ಮರಿ

ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಬೇಟೆನಾಯಿಯ ಕೀರ್ತಿ ಇಂದು ಬಾಗಲಕೋಟೆ ಜಿಲ್ಲೆಯ ಎಲ್ಲೆಯನ್ನು ದಾಟಿ ದೇಶವನ್ನೆಲ್ಲ ಮುಟ್ಟಿದೆ. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು. 2020ರಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಅದರ ಹೆಸರನ್ನೆತ್ತಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಇಂಥ ಹೆಸರಾಂತ ತಳಿಯ ಮರಿಯೊಂದು ತಮ್ಮ ಮನೆಯಲ್ಲಿಯೂ ಇರಲೆಂದು ಪೇಟೆಯ ಸಂಸಾರವೊಂದು ಬಯಸಿದರೆ ಅದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಮರಿಯನ್ನು ತರುವುದು ಸುಲಭ; ಅದರೊಡನೆ ಮೊದಲ ಕೆಲವು ರಾತ್ರಿಗಳನ್ನು ಕಳೆಯುವುದು ಕಠಿಣ.

ನಿನ್ನೆಯವರೆಗೆ ತಾಯಿಯ ಮಗ್ಗುಲಲ್ಲಿ ಒಡಹುಟ್ಟಿದವುಗಳ ಬಿಸುಪಿನಲ್ಲಿ ಮಲಗಿದ್ದ ಮರಿ, ಇಂದು ಒಂಟಿಯಾದಾಗ ಅಳದೆ ಇದ್ದೀತೆ? ಮೊದಲ ರಾತ್ರಿ ಮಕ್ಕಳು ಮರುಗುತ್ತಾರೆ. ಎರಡನೆಯ ರಾತ್ರಿ ನೆರೆಯವರು ಗೊಣಗುತ್ತಾರೆ. ಮೂರನೆಯ ದಿನ ಮನೆಯ ಯಜಮಾನರು ಅದನ್ನು ಹಿತ್ತಲಿನ ಕಂಬಕ್ಕೆ ಕಟ್ಟಿಬಿಡುತ್ತಾರೆ. ಓಡಲೆಂದೇ ಹುಟ್ಟಿದ ಪ್ರಾಣಿ ಅಲ್ಲಿಂದ ಮುಂದೆ ಸರಪಳಿಯ ಉದ್ದದಷ್ಟೇ ಲೋಕವನ್ನು ಕಾಣುತ್ತದೆ. ಅಂಜುಬುರುಕವಾಗಿ, ಸಿಡುಕಿನದಾಗಿ ಬೆಳೆಯುತ್ತದೆ. ಈ ಅನ್ಯಾಯವನ್ನು ತಪ್ಪಿಸಲು ಎರಡು ಉಪಾಯಗಳಿವೆ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮನೆಗೆ ತಂದ ದಿನವೇ ಅದಕ್ಕೆ ತನ್ನದೆಂಬ ಒಂದು ಗೂಡನ್ನು ಕೊಡಬೇಕು.

ಗೂಡೆಂದರೆ ಗಾಳಿಯಾಡುವ ಕಂಬಿಯ ಪೆಟ್ಟಿಗೆ. ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಎಡೆಯಿದ್ದರೆ ಸಾಕು. ಹೆಚ್ಚಾದರೆ ಒಂದು ಮೂಲೆ ಶಯನಗೃಹವಾಗಿ ಇನ್ನೊಂದು ಶೌಚಗೃಹವಾಗುತ್ತದೆ. ಬೆಳೆದ ಗಂಡುನಾಯಿ ಸುಮಾರು 70 ಸೆಂಟಿಮೀಟರ್ ಎತ್ತರವಾಗುವುದರಿಂದ ದೊಡ್ಡ ಪೆಟ್ಟಿಗೆಯನ್ನೇ ಕೊಂಡು, ನಡುವೆ ಹಲಗೆಯಿಟ್ಟು, ಮರಿ ಬೆಳೆದಂತೆ ಅದನ್ನು ಹಿಂದಕ್ಕೆ ಸರಿಸುವುದು ಜಾಣತನ. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಬಾದಾಮಿಯ ಕಲ್ಲುನೆಲವಾಗಲಿ ಇಳಕಲ್ಲಿನ ಕೆಂಪು ಗ್ರಾನೈಟ್ ನೆಲವಾಗಲಿ ಚಳಿಗಾಲದ ರಾತ್ರಿ ಅದಕ್ಕೆ ಹಿತವಲ್ಲ. ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿಯೊಂದನ್ನು ಒಳಗೆ ಮಡಿಸಿ ಹಾಸಿದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಬೇರೆ ಬೇಡ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಗೆ ಏರುವ ಈ ಸೀಮೆಯಲ್ಲಿ ಗೂಡನ್ನು ತಗಡಿನ ಮಾಡಿನ ಕೆಳಗೆ ಎಂದೂ ಇಡಕೂಡದು. ಜನರ ದನಿ ಕೇಳುವ ಪಡಸಾಲೆಯ ತಂಪಾದ ಮೂಲೆಯೇ ಅದಕ್ಕೆ ತಕ್ಕ ತಾಣ.

ಮೊದಲು ಬಾಗಿಲು ತೆರೆದೇ ಇರಲಿ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ತಟ್ಟೆಯನ್ನು ಒಳಗಿಟ್ಟರೆ ಮರಿ ತಾನಾಗಿಯೇ ಹೋಗುತ್ತದೆ. ಕೆಲವು ದಿನಗಳ ಮೇಲೆ ಉಣ್ಣುವಾಗ ಬಾಗಿಲನ್ನು ಒಂದೆರಡು ನಿಮಿಷ ಮುಚ್ಚಬೇಕು; ಬರಬರುತ್ತ ವೇಳೆಯನ್ನು ಹೆಚ್ಚಿಸಬೇಕು. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ತಾಸಿಗಿಂತ ಹೆಚ್ಚು ಮೂತ್ರವನ್ನು ತಡೆಯಲಾರದು. ರಾತ್ರಿಯೂ ಒಮ್ಮೆ ಎದ್ದು ಅದನ್ನು ಅಂಗಳಕ್ಕೆ ಒಯ್ಯಬೇಕು. ಅದು ಒಳಗೆ ಹೊಲಸು ಮಾಡಿದರೆ ಒರೆಸುವುದೇ ಮದ್ದು, ಬೈಗುಳವಲ್ಲ. ಶಿಕ್ಷೆಗಾಗಿ ಒಮ್ಮೆ ಒಳಗೆ ದೂಡಿದರೂ ಗೂಡು ಸೆರೆಮನೆಯಾಗುತ್ತದೆ. ವಾರದ ಶ್ರಮವೆಲ್ಲ ನೀರುಪಾಲು.

ಗೂಡಿನ ಪಾಠದೊಡನೆ ಪಶುವೈದ್ಯರ ಪಾಠವನ್ನೂ ಮರೆಯಲಾಗದು. ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆಗಳು ಆರೆಂಟು ವಾರಕ್ಕೆ ಆರಂಭವಾಗುತ್ತವೆ. ಅವು ಮುಗಿಯುವವರೆಗೆ ಮರಿಯನ್ನು ಬೀದಿನಾಯಿಗಳು ಅಲೆಯುವ ಜಾಗದಲ್ಲಿ ಬಿಡಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಇಷ್ಟೆಲ್ಲ ಮಾಡಿದರೂ ಗೂಡು ನಿದ್ರೆಗೆ ಮಾತ್ರ, ಬಾಳಿಗಲ್ಲ. ಬೆಳೆದ ಮುಧೋಳದ ನಾಯಿಗೆ ದಿನವೂ ಮನಸಾರೆ ಓಡುವ ಬಯಲು ಬೇಕು. ಹುನಗುಂದದ ಎರೆಹೊಲದ ಅಂಚಿನಲ್ಲಿರುವ ಮನೆಗೆ ಅದು ಕಷ್ಟವಲ್ಲ. ಕಿರಿದಾದ ಓಣಿಯ ಮನೆಯವರು ಮಾತ್ರ ಮರಿಯನ್ನು ತರುವ ಮೊದಲೇ ತಮ್ಮ ಬಿಡುವನ್ನೂ ಊರಿನ ಬಯಲನ್ನೂ ಅಳೆದು ನೋಡಬೇಕು. ಓಟವನ್ನು ಕೊಡಲಾರದ ಮನೆ ಮರಿಯನ್ನು ತಾರದಿರುವುದೇ ಅದಕ್ಕೆ ತೋರುವ ದಯೆ.